ಇನ್ಫೋಸಿಸ್ ಶೇರು ಒಂಬತ್ತು ಪೈಸೆಗೆ ಯಾರಿಗೂ ಸಿಕ್ಕಿರಲಿಲ್ಲ

ಇನ್ಫೋಸಿಸ್ ಚಾರ್ಟನ್ನು ಮೊಬೈಲಲ್ಲಿ ಹಿಂದಕ್ಕೆ ಎಳೆದು ಎಳೆದು ನೋಡಿ, "ತೊಂಬತ್ತರ ದಶಕದಲ್ಲಿ ಪೈಸೆ ಲೆಕ್ಕದಲ್ಲಿ ಸಿಗ್ತಿತ್ತಲ್ಲಾ, ನಮ್ಮಪ್ಪ ಏನ್ ಮಾಡ್ತಿದ್ರು?" ಅಂತ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಪಾಪ, ಅಪ್ಪಂದಿರನ್ನು ಬಿಟ್ಟುಬಿಡಿ. ಪೈಸೆಗೆ ಅದನ್ನು ಯಾರೂ ಮಾರಿಲ್ಲ, ಯಾರೂ ಕೊಂಡೂ ಇಲ್ಲ. 1993ರ ಫೆಬ್ರವರಿಯಲ್ಲಿ ಪಬ್ಲಿಕ್ ಇಶ್ಯೂ ಬಂದಾಗ, ಅಂದರೆ ಕಂಪನಿ ಜನರಿಗೆ ಮೊದಲ ಸಲ ಶೇರು ಮಾರಿದಾಗ, ಒಂದು ಶೇರಿಗೆ 95 ರೂಪಾಯಿ. ನೂರು ಶೇರಿಗೆ 9,500. ಆ ಕಾಲದ ಸಂಬಳದಾರರ ಮನೆಯಲ್ಲಿ ಅದೇನು ಸಣ್ಣ ದುಡ್ಡಲ್ಲ. ಅಷ್ಟಕ್ಕೂ ಆ ಇಶ್ಯೂ ಪೂರ್ತಿ ತುಂಬಲೇ ಇಲ್ಲ. ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿ ಅದೇ ಬೆಲೆಗೆ ಶೇ. 13ರಷ್ಟು ಪಾಲು ಕೊಂಡ ಮೇಲೆ ದಡ ಸೇರಿತು. ಜೂನ್‌ನಲ್ಲಿ ಪೇಟೆಯಲ್ಲಿ ವಹಿವಾಟು ಶುರುವಾದಾಗ ಬೆಲೆ 145.

ಮತ್ತೆ ಆ ಪೈಸೆ ಎಲ್ಲಿಂದ ಬಂತು? 1994, 1997, 1999ರಲ್ಲಿ ಒಂದಕ್ಕೊಂದು ಬೋನಸ್, ಅಂದರೆ ಇರುವ ಒಂದು ಶೇರಿಗೆ ಇನ್ನೊಂದು ಪುಕ್ಕಟೆ. 2000ದಲ್ಲಿ ಹತ್ತು ರೂಪಾಯಿ ಮುಖಬೆಲೆಯ (ಶೇರಿನ ಮೇಲೆ ಬರೆದ ಬೆಲೆ, ಪೇಟೆಯ ಬೆಲೆಯಲ್ಲ) ಶೇರು ಒಡೆದು ಐದು ರೂಪಾಯಿಯ ಎರಡಾಯಿತು, ಇದಕ್ಕೇ ಸ್ಪ್ಲಿಟ್ ಅನ್ನುವುದು. 2004ರಲ್ಲಿ ಒಂದಕ್ಕೆ ಮೂರು ಬೋನಸ್. ಆಮೇಲೆ 2006, 2014, 2015, 2018ರಲ್ಲಿ ಮತ್ತೆ ಒಂದಕ್ಕೊಂದು. ಗುಣಿಸುತ್ತಾ ಹೋಗಿ. ಅವತ್ತಿನ ಒಂದು ಶೇರು ಈಗ 1,024 ಆಗಿದೆ. 95 ರೂಪಾಯಿಯನ್ನು 1,024ರಿಂದ ಭಾಗಿಸಿದರೆ ಒಂಬತ್ತು ಪೈಸೆ ಚಿಲ್ಲರೆ. ಆ್ಯಪ್ ಮಾಡಿದ್ದು ಇಷ್ಟೇ. ಇವತ್ತಿನ ಶೇರಿನ ಅಳತೆಗೆ ಅವತ್ತಿನ ಬೆಲೆಯನ್ನು ಕುಗ್ಗಿಸಿ ತೋರಿಸಿತು.

ಇದು ಮೋಸವೇನೂ ಅಲ್ಲ. ಹಾಗೆ ಕುಗ್ಗಿಸದೇ ಇದ್ದರೆ 2014ರ ಡಿಸೆಂಬರಿನಲ್ಲಿ ಬೋನಸ್ ದಿನ ಇನ್ಫೋಸಿಸ್ ರಾತ್ರೋರಾತ್ರಿ ಅರ್ಧಕ್ಕರ್ಧ ಮುಳುಗಿದ ಹಾಗೆ ಕಾಣುತ್ತಿತ್ತು. ಯಾರ ದುಡ್ಡೂ ಹೋಗಿರಲಿಲ್ಲ, ಶೇರು ದುಪ್ಪಟ್ಟಾಗಿತ್ತು ಅಷ್ಟೆ. ನನ್ನ ತಕರಾರು ಆ್ಯಪ್ ಮೇಲೆ ಇಲ್ಲ. ಹಳೇ ಬೆಲೆ ಅಂತ ನಾವು ನೋಡುವುದು ಯಾವ ಬೆಲೆ ಅನ್ನುವುದನ್ನು ಕೇಳದೇ ವಾದಕ್ಕೆ ಇಳಿಯುತ್ತೇವಲ್ಲ, ಅದರ ಮೇಲೆ.

ಯಾಕಂದರೆ ಒಂದೇ ದಿನಕ್ಕೆ ಮೂರು ಬೆಲೆ ಇರಬಹುದು. ಅವತ್ತು ಪೇಟೆಯಲ್ಲಿ ನಿಜವಾಗಿ ಕೈಬದಲಾದ ಬೆಲೆ ಒಂದು. ಬೋನಸ್, ಸ್ಪ್ಲಿಟ್ ಕಳೆದು ತೋರಿಸುವ ಬೆಲೆ ಇನ್ನೊಂದು. ಕಂಪನಿ ಆಮೇಲೆ ತನ್ನ ಲಾಭದಲ್ಲಿ ಹಂಚಿದ ಹಣವನ್ನೂ, ಅಂದರೆ ಡಿವಿಡೆಂಡನ್ನೂ, ಲೆಕ್ಕಕ್ಕೆ ಹಿಡಿದು ಇನ್ನಷ್ಟು ಇಳಿಸಿದ ಬೆಲೆ ಮೂರನೆಯದು. ಕೆಲವು ಸೈಟುಗಳಲ್ಲಿ 'ಅಡ್ಜಸ್ಟೆಡ್ ಕ್ಲೋಸ್' ಅಂತ ಕೊನೆಯಲ್ಲಿ ಒಂದು ಕಾಲಂ ಇರುತ್ತದೆ, ಅದು ಈ ಮೂರನೆಯದು. ಕೋಲ್ ಇಂಡಿಯಾ ತಗೊಳ್ಳಿ. 2010ರಲ್ಲಿ 245 ರೂಪಾಯಿಗೆ ಬಂದ ಶೇರು, ಹತ್ತು ವರ್ಷ ಆದಮೇಲೆ 2020ರಲ್ಲಿ ಅದರ ಅರ್ಧಕ್ಕಿಂತಲೂ ಕೆಳಗಿತ್ತು. ಬರೀ ಬೆಲೆ ನೋಡಿದವರು ತಲೆ ಮೇಲೆ ಕೈ ಹೊತ್ತರು. ಆದರೆ ನಡುವೆ ಆ ಕಂಪನಿ ಡಿವಿಡೆಂಡ್ ಸುರಿದಿತ್ತು. 2014ರ ಜನವರಿಯಲ್ಲಿ ಒಂದೇ ಸಲಕ್ಕೆ ಶೇರಿಗೆ 29 ರೂಪಾಯಿ ಕೊಟ್ಟಿತ್ತು. ಅದನ್ನು ಸೇರಿಸಿದರೂ ದೊಡ್ಡ ಲಾಭದ ಕಥೆ ಆಗುವುದಿಲ್ಲ ಬಿಡಿ. ಚಾರ್ಟ್ ಹೆದರಿಸಿದಷ್ಟು ಕೆಟ್ಟದಾಗಿರಲಿಲ್ಲ ಅಂತ ಮಾತ್ರ ಗೊತ್ತಾಗುತ್ತದೆ.

ಹಳೇ ಬೆಲೆ ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಲೆಕ್ಕಕ್ಕೆ. ನಾಳೆ ಏನಾಗುತ್ತೆ ಅಂತ ಹೇಳುವುದಕ್ಕಿಂತ, ನಮ್ಮ ಕೈಯಲ್ಲಿ ಇರುವುದು ಏನು, ಅದಕ್ಕೆ ಎಷ್ಟು ಬಿದ್ದಿದೆ ಅಂತ ತಿಳಿಯುವುದಕ್ಕೆ.

ಉಡುಪಿ, ಮಂಗಳೂರು ಕಡೆಯವರ ಮನೆಗಳಲ್ಲಿ ಬ್ಯಾಂಕ್ ಶೇರು ಇಲ್ಲದ ಕಪಾಟು ಕಮ್ಮಿ. ನಮ್ಮ ದೊಡ್ಡಪ್ಪನ ಹತ್ತಿರ ಸಿಂಡಿಕೇಟ್ ಬ್ಯಾಂಕಿನದ್ದು 500 ಇತ್ತು. 1999ರ ಇಶ್ಯೂನಲ್ಲಿ ಮುಖಬೆಲೆ ಹತ್ತು ರೂಪಾಯಿಗೇ ಸಿಕ್ಕಿದ್ದು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಹೋಗಿ ಕೆನರಾದಲ್ಲಿ ಸೇರಿತು. ಶೇರು ಇಡುವ ಖಾತೆಯ, ಅಂದರೆ ಡಿಮ್ಯಾಟ್ ಸ್ಟೇಟ್‌ಮೆಂಟ್ ಹಿಡಿದುಕೊಂಡು ಕೇಳಿದರು:

"ನಾನು ಹಾಕಿದ್ದು ಐನೂರು ಮಾರಾಯ. ಇವರು ಕೊಟ್ಟದ್ದು ಎಪ್ಪತ್ತೊಂಬತ್ತು. ಉಳಿದದ್ದು ಎಲ್ಲಿ ಹೋಯಿತು?"

"ಎಲ್ಲಿಗೂ ಹೋಗಲಿಲ್ಲ ದೊಡ್ಡಪ್ಪ. ಸಿಂಡಿಕೇಟಿನ ಸಾವಿರಕ್ಕೆ ಕೆನರಾದ್ದು 158 ಅಂತ ನಿಗದಿ ಮಾಡಿದ್ರು. ನಿಮ್ಮ ಐನೂರಕ್ಕೆ 79."

"ಅದು ಯಾವ ನ್ಯಾಯ?"

ನ್ಯಾಯವೋ ಅಲ್ಲವೋ, ಹಳೇ ಬೆಲೆ ನೋಡಿದರೆ ಲೆಕ್ಕ ಅರ್ಥವಾಗುತ್ತದೆ. ಪೇಟೆಯಲ್ಲಿ ಸಿಂಡಿಕೇಟ್ ಶೇರು ಕೆನರಾ ಶೇರಿನ ಆರನೇ ಒಂದು ಭಾಗದ ಆಸುಪಾಸಿನಲ್ಲಿ ನಡೆಯುತ್ತಿತ್ತು. ಆಮೇಲೆ 2024ರ ಮೇನಲ್ಲಿ ಕೆನರಾ ತನ್ನ ಹತ್ತು ರೂಪಾಯಿ ಮುಖಬೆಲೆಯ ಶೇರನ್ನು ಎರಡು ರೂಪಾಯಿಯ ಐದು ಮಾಡಿತು. 79 ಈಗ 395 ಆಯಿತು. ದೊಡ್ಡಪ್ಪ ಹಾಕಿದ್ದು ಒಟ್ಟು ಐದು ಸಾವಿರ. ಅಂದರೆ ಇವತ್ತಿನ ಒಂದು ಕೆನರಾ ಶೇರಿಗೆ ಅವರಿಗೆ ಬಿದ್ದದ್ದು 12 ರೂಪಾಯಿ 66 ಪೈಸೆ. ಇದನ್ನು ಯಾವ ಆ್ಯಪೂ ಹೇಳುವುದಿಲ್ಲ. ಕೆನರಾದ 1999ರ ಬೆಲೆ ಹುಡುಕುವುದಂತೂ ಶುದ್ಧ ದಂಡ. ಆಗ ಅದು ಪೇಟೆಗೇ ಬಂದಿರಲಿಲ್ಲ. ಕೊಂಡದ್ದು ಸಿಂಡಿಕೇಟು, ಹಾಗಾಗಿ ಸಿಂಡಿಕೇಟಿನ ಕಾಗದವೇ ಬೇಕು. ಹೀಗೇ ಬೇರೆ ಬ್ಯಾಂಕಿನಲ್ಲಿ ಸೇರಿಹೋದವು ಇನ್ನೂ ಇವೆ: ವಿಜಯಾ ಬ್ಯಾಂಕಿನ ಸಾವಿರಕ್ಕೆ ಬ್ಯಾಂಕ್ ಆಫ್ ಬರೋಡಾದ್ದು 402, ಕಾರ್ಪೊರೇಷನ್ ಬ್ಯಾಂಕಿನ ಸಾವಿರಕ್ಕೆ ಯೂನಿಯನ್ ಬ್ಯಾಂಕಿನದ್ದು 330. ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಹತ್ತಕ್ಕೆ ಎಸ್‌ಬಿಐದು 22. ಮನೆಯಲ್ಲಿ ಇದ್ದರೆ ಬರೆದಿಟ್ಟುಕೊಳ್ಳಿ.

ಇನ್ನೊಂದು ತಾರೀಕೂ ಬರೆದಿಟ್ಟುಕೊಳ್ಳಿ. 2018ರ ಜನವರಿ 31. ಅವತ್ತಿಗಿಂತ ಮೊದಲೇ ಕೊಂಡ ಶೇರನ್ನು ಈಗ ಲಾಭಕ್ಕೆ ಮಾರಿದರೆ, ಆ ದಿನದ ಗರಿಷ್ಠ ಬೆಲೆಯನ್ನು ಕೊಂಡ ಬೆಲೆಯ ಜಾಗದಲ್ಲಿ ಹಾಕಿಕೊಳ್ಳಲು ತೆರಿಗೆ ಕಾನೂನಿನಲ್ಲಿ ಅವಕಾಶ ಇದೆ. ಕೊಂಡದ್ದೇ ಅದಕ್ಕಿಂತ ಜಾಸ್ತಿಗೆ ಆಗಿದ್ದರೆ, ಅಥವಾ ಮಾರಿದ ಬೆಲೆ ಅದಕ್ಕಿಂತ ಕಮ್ಮಿ ಇದ್ದರೆ ಲೆಕ್ಕ ಬೇರೆ. ಇಲ್ಲಿಯೇ ತುಂಬಾ ಜನ ಚಾರ್ಟ್ ನೋಡಿ ಕೆಡುವುದು. ಆ ದಿನ ಇನ್ಫೋಸಿಸ್ ಇದ್ದದ್ದು 1,150ರ ಆಸುಪಾಸು. ಈಗಿನ ಚಾರ್ಟ್ ತೋರಿಸುವುದು ಅದರ ಅರ್ಧ, 575ರ ಹತ್ತಿರ. ಯಾಕಂದರೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೋನಸ್ ಬಂತಲ್ಲ. ಬೋನಸ್ಸಾಗಿ ಬಂದ ಆ ಶೇರಿಗೆ ಕೊಂಡ ಬೆಲೆ ಸೊನ್ನೆ ಅಂತ ಲೆಕ್ಕ. ಹಳೇ ಶೇರಿಗೆ ಪೂರ್ತಿ 1,150. ಎಲ್ಲಾ ಒಟ್ಟಿಗೆ ಮಾರಿದರೆ ಹೇಗೆ ಕೂಡಿದರೂ ಮೊತ್ತ ಅದೇ. ಆದರೆ ಅರ್ಧ ಮಾರಿದರೆ? ಡಿಮ್ಯಾಟಿನಲ್ಲಿ ಮೊದಲು ಬಂದದ್ದು ಮೊದಲು ಹೋಗುತ್ತದೆ, ಅಂದರೆ ಹಳೇ ಶೇರು. 1,500ಕ್ಕೆ ಮಾರಿದರೆ ಲಾಭ ಶೇರಿಗೆ 350. ಚಾರ್ಟ್ ನೋಡಿ ಬರೆದರೆ 925. ಸುಮ್ನೆ ಜಾಸ್ತಿ ತೆರಿಗೆ ಕಟ್ಟಿ ಬರುತ್ತೀರಿ. ಇಂಥದ್ದಕ್ಕೆ ಬಿಎಸ್‌ಇ ಅಥವಾ ಎನ್‌ಎಸ್‌ಇ ಸೈಟಿಗೆ ಹೋಗಿ ಆ ದಿನದ ಭಾವ್‌ಕಾಪಿ (ಪೇಟೆಯ ದರಪಟ್ಟಿ) ತೆಗೆಯಿರಿ. ಅದರಲ್ಲಿ ಅವತ್ತು ನಡೆದ ಬೆಲೆಯೇ ಇರುತ್ತದೆ. ಉಳಿದದ್ದು ನಿಮ್ಮ ಆಡಿಟರ್ ಹತ್ತಿರ.

ಇನ್ನು ವಾಟ್ಸಾಪ್ ಫಾರ್ವರ್ಡುಗಳು. "ಅವತ್ತು 9,500 ಹಾಕಿದ್ದರೆ ಇವತ್ತು ಇಷ್ಟು ಕೋಟಿ." ಲೆಕ್ಕ ಸರಿಯೇ ಇರುತ್ತದೆ, ಆಯ್ಕೆ ಮಾತ್ರ ಓರೆ. ಗೆದ್ದ ಕಂಪನಿಯ ಚಾರ್ಟ್ ಇವತ್ತೂ ತೆರೆಯುತ್ತದೆ. ಸೋತವರದ್ದು ಹುಡುಕಿದರೆ ಸಿಗುವುದು ಕಷ್ಟ. ಸತ್ಯಂ ಕೂಡ ಆಗ ಇನ್ಫೋಸಿಸ್ ಪಕ್ಕದಲ್ಲೇ ಹೆಸರು ಹೇಳುವ ಕಂಪನಿ. 2009ರ ಜನವರಿ 7ರಂದು ಒಂದೇ ದಿನ ಮುಕ್ಕಾಲಕ್ಕಿಂತ ಜಾಸ್ತಿ ಕುಸಿಯಿತು, ಕೊನೆಗೆ 2013ರಲ್ಲಿ ಟೆಕ್ ಮಹೀಂದ್ರಾದಲ್ಲಿ ಕರಗಿತು. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಪೇಟೆಯ ಪಟ್ಟಿಯಲ್ಲೇ ಇಲ್ಲ. ಇವುಗಳ ಮೇಲೆ "ಅವತ್ತು ಹಾಕಿದ್ದರೆ" ಅಂತ ಫಾರ್ವರ್ಡ್ ಮಾಡುವವರು ಯಾರೂ ಕಾಣಲಿಲ್ಲ ನನಗೆ.

ಗೆದ್ದವರ ಚಾರ್ಟೂ ಪೂರ್ತಿ ಕಥೆ ಹೇಳುವುದಿಲ್ಲ. ಇನ್ಫೋಸಿಸ್ 2000ದ ಮಾರ್ಚಿನಲ್ಲಿ ಹತ್ತು ಸಾವಿರ ದಾಟಿ ಹೋಗಿತ್ತು. ಮುಂದಿನ ವರ್ಷದ ಹೊತ್ತಿಗೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಕಳೆದುಕೊಂಡಿತು. ಆ ಶಿಖರದಲ್ಲಿ ಕೊಂಡವರು ಅಸಲು ನೋಡಲು ಐದು ವರ್ಷಕ್ಕಿಂತ ಜಾಸ್ತಿ ಕಾದರು. 2003ರ ಏಪ್ರಿಲ್ 10ರಂದು, ಮುಂದಿನ ವರ್ಷದ ಅಂದಾಜು ಕಮ್ಮಿ ಹೇಳಿದರು ಅಂತ, ಒಂದೇ ದಿನ ಶೇ. 27ರ ಹತ್ತಿರ ಬಿತ್ತು. ಈಗಿನ ಚಾರ್ಟಿನಲ್ಲಿ ಆ ದಿನ ಹುಡುಕಿ ನೋಡಿ. ಇವತ್ತಿನ ಅಳತೆಗೆ ಅದು ಹದಿನೈದಿಪ್ಪತ್ತು ರೂಪಾಯಿ ವ್ಯತ್ಯಾಸ. ನೆಲಕ್ಕಂಟಿದ ಗೆರೆಯಲ್ಲಿ ಕಾಣುವುದೇ ಇಲ್ಲ. ಚಾರ್ಟಿನ ಮೂಲೆಯಲ್ಲಿ 'ಲಾಗ್' ಅಂತ ಒಂದು ಗುಂಡಿ ಇರುತ್ತದೆ, ಒತ್ತಿ. ಆಗ ಹತ್ತು ಇಪ್ಪತ್ತಾದದ್ದೂ ಸಾವಿರ ಎರಡು ಸಾವಿರ ಆದದ್ದೂ ಒಂದೇ ಎತ್ತರ. ಹಳೇ ಬೀಳುವಿಕೆಗಳೆಲ್ಲ ಎದ್ದು ಕಾಣುತ್ತವೆ. "ಅವತ್ತು ಕೊಂಡಿದ್ದರೆ ಇಟ್ಟುಕೊಳ್ಳುತ್ತಿದ್ದೆ" ಅನ್ನುವವರು ಆ ಗೆರೆಯ ಮೇಲೆ ಒಮ್ಮೆ ಬೆರಳಾಡಿಸಿ ನೋಡಲಿ.

"52 ವಾರದ ಕನಿಷ್ಠಕ್ಕೆ ಬಂದಿದೆ, ಅಗ್ಗ, ತಗೊಳ್ಳಿ" ಅನ್ನುವುದು ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವ ಮಾತು. ಯೆಸ್ ಬ್ಯಾಂಕ್ 2018ರ ಆಗಸ್ಟಿನಲ್ಲಿ 400ರ ಹತ್ತಿರ ಇತ್ತು. 200 ಆದಾಗ ಅರ್ಧ ಬೆಲೆ ಅಂದರು. 100 ಆದಾಗ ಕಾಲು ಬೆಲೆ ಅಂದರು. 2020ರ ಮಾರ್ಚಿನಲ್ಲಿ ಒಂದು ದಿನ ಆರು ರೂಪಾಯಿಗಿಂತ ಕೆಳಗೂ ಹೋಗಿ ಬಂತು. ದಾರಿಯುದ್ದಕ್ಕೂ ಅದು ಹೊಸ ಕನಿಷ್ಠವೇ ಆಗಿತ್ತು! ಒಂದು ಕಾಲದಲ್ಲಿ 400 ಇತ್ತು ಅನ್ನುವುದು ಬ್ಯಾಂಕ್ ಕೊಟ್ಟ ಸಾಲಗಳು ವಾಪಸ್ ಬರುತ್ತವೆಯೇ ಅನ್ನುವುದರ ಬಗ್ಗೆ ಏನೂ ಹೇಳಲಿಲ್ಲ. ಅದೇ ರೀತಿ ಎಮ್‌ಆರ್‌ಎಫ್ 2023ರಲ್ಲಿ ಲಕ್ಷ ದಾಟಿದ್ದು ದುಬಾರಿಯಾದ್ದರಿಂದ ಅಂತಲ್ಲ. ದಶಕಗಳಿಂದ ಅವರು ಶೇರು ಒಡೆದೇ ಇಲ್ಲ.

ಕಂಪನಿ ಒಡೆದು ಎರಡಾದಾಗ ಇನ್ನೂ ಗೋಜಲು. ಬೇಕಾದರೆ ಈಗಲೇ ನಿಮ್ಮ ಆ್ಯಪ್ ಪರೀಕ್ಷೆ ಮಾಡಿ. ರಿಲಯನ್ಸ್‌ನಿಂದ ಜಿಯೋ ಫೈನಾನ್ಶಿಯಲ್ ಬೇರೆಯಾದದ್ದು 2023ರ ಜುಲೈ 20ರಂದು. ಹಿಂದಿನ ದಿನ ರಿಲಯನ್ಸ್ ಬೆಲೆ ಮುಗಿದದ್ದು 2,841.85ಕ್ಕೆ, ಬೇರೆಯಾದ ಮೇಲೆ ಬೆಳಗ್ಗೆ ನಿಗದಿಯಾದದ್ದು 2,580. 2024ರ ಅಕ್ಟೋಬರಿನಲ್ಲಿ ಒಂದಕ್ಕೊಂದು ಬೋನಸ್ಸೂ ಬಂತು. ಜುಲೈ 19ಕ್ಕೆ ನಿಮ್ಮ ಚಾರ್ಟ್ 2,841 ತೋರಿಸಿದರೆ ಅದು ಏನನ್ನೂ ಕಳೆದಿಲ್ಲ. 1,420 ಇದ್ದರೆ ಬೋನಸ್ ಮಾತ್ರ ಕಳೆದಿದೆ. 1,290ರ ಹತ್ತಿರ ಇದ್ದರೆ ಜಿಯೋವನ್ನೂ ಕಳೆದಿದೆ. ಅದಕ್ಕಿಂತ ಇನ್ನೂ ಸ್ವಲ್ಪ ಕಮ್ಮಿ ಇದ್ದರೆ ಡಿವಿಡೆಂಡೂ ಹೋಗಿದೆ ಅಂತ.