ಹೇಗೂ ಮನೇಲೇ ಇರ್ತೀರಲ್ಲ

ನಾನು ರಿಟೈರ್ ಆಗಿದ್ದು 2021ರಲ್ಲಿ, ಕೊರೊನಾ ಟೈಮು. ಒಂದು ಹಾರ ಒಂದು ಶಾಲು ಹಾಕಿ ಎಲ್ರೂ ಮಾಸ್ಕ್ ಹಾಕ್ಕೊಂಡೇ ಫೋಟೋ ತೆಗೆಸ್ಕೊಂಡ್ವಿ, ಈಗ ಆ ಫೋಟೋ ನೋಡಿದ್ರೆ ಹಾರ ಇರೋದ್ರಿಂದ ಇದು ನಾನೇ ಇರ್ಬೇಕು ಅಂತ ಕಂಡುಹಿಡಿಯೋ ಪರಿಸ್ಥಿತಿ. ಮೂವತ್ತಮೂರು ವರ್ಷ ಫೈಲು ಟಪಾಲು ಅಂತ ಸವೆದಿದ್ದಾಯ್ತು, ಇನ್ಮೇಲೆ ಬೆಳಿಗ್ಗೆ ನಮ್ಮ ತುಮಕೂರಿನ ಅಮಾನಿಕೆರೆ ಸುತ್ತ ವಾಕಿಂಗು, ಬಂದು ಕಾಫಿ, ಪೇಪರು, ಮಧ್ಯಾಹ್ನ ಒಂದು ನಿದ್ದೆ ಅಂತ ಲೆಕ್ಕ ಹಾಕ್ಕೊಂಡಿದ್ದೆ. ಒಂದು ವಾರ ನಡೀತು ಅಷ್ಟೇ. ಆಮೇಲೆ ಎದುರುಮನೆ ಹುಡುಗ ಬಂದು "ಅಂಕಲ್, ಒಂದು ಪಾರ್ಸೆಲ್ ಬರುತ್ತೆ, ಹೇಗೂ ಮನೇಲೇ ಇರ್ತೀರಲ್ಲ" ಅಂದ.

ಅವತ್ತಿಂದ ನಮ್ಮನೆ ವರಾಂಡ ಗೋಡೌನ್ ಆಯ್ತು. ಯಾರದೋ ಮಿಕ್ಸಿ ಜಾರು, ಯಾರದೋ ಚಪ್ಪಲಿ, ಇನ್ಯಾರೋ ಆರ್ಡರ್ ಮಾಡಿ ಮರ್ತೇಹೋದ ಯೋಗಾ ಮ್ಯಾಟು. ಒಂದ್ಸಲ ಕ್ಯಾಶ್ ಆನ್ ಡೆಲಿವರಿ ಅಂತ ಸಾವಿರದ ಇನ್ನೂರ ನಲವತ್ತೊಂಬತ್ತು ರೂಪಾಯಿ ಕೈಯಿಂದ ಕೊಟ್ಟೆ, ಅದನ್ನ ವಾಪಸ್ ಕೇಳೋಕೆ ನಾಲ್ಕು ದಿನ ಅವರ ಗೇಟ್ ಮುಂದೆ ಸುಮ್ಮಸುಮ್ಮನೆ ಓಡಾಡಿದೀನಿ. ಮೂರು ಮನೆ ಕೀಲಿ ನಮ್ಮನೆ ಮೊಳೇಲಿ ನೇತಾಡ್ತಿದೆ. ಹೇಮಾವತಿ ನೀರು ಬಿಟ್ಟಾಗ ಯಾರ್ಯಾರ ಸಂಪಿನ ಗೇಟ್‌ವಾಲ್ವ್ ಯಾವ್ಯಾವ ಕಡೆ ತಿರುಗಿಸ್ಬೇಕು ಅನ್ನೋದು ಇಡೀ ಬೀದೀಲಿ ನನಗೊಬ್ಬನಿಗೇ ಗೊತ್ತು. ಆಫೀಸಲ್ಲಿದ್ದಾಗ ಇಷ್ಟು ಜವಾಬ್ದಾರಿ ಯಾರೂ ಕೊಟ್ಟಿರ್ಲಿಲ್ಲ, ನಿಜ ಹೇಳ್ಬೇಕಂದ್ರೆ ಕೊಟ್ಟಿದ್ರೂ ನಾನು ತಗೋತಿರ್ಲಿಲ್ಲ.

ಹೊರಗಿನೋರದು ಹಾಗಿರ್ಲಿ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಅನ್ನೋ ಶಕ್ತಿ ಯೋಜನೆ ಬಂತಲ್ಲ, ಅಲ್ಲಿಂದ ನಮ್ಮನೆಯವಳು ಕೈಗೆ ಸಿಗೋದೇ ಕಷ್ಟ. ಮಗಳು ಯಶವಂತಪುರದಲ್ಲಿದ್ದಾಳೆ, ತುಮಕೂರಿಂದ ಅರವತ್ತು ಚಿಲ್ಲರೆ ಕಿಲೋಮೀಟರ್, ಆಧಾರ್ ತೋರಿಸಿದ್ರೆ ಸೊನ್ನೆ ಟಿಕೆಟು, ಮೊಮ್ಮಗು ಸೀನಿದ್ರೆ ಸಾಕು ಬ್ಯಾಗ್ ರೆಡಿ. ಜೊತೇಲಿ ನಾನೂ ಹೋದ್ರೆ ನಂಗೆ ಹಿರಿಯ ನಾಗರಿಕರ 25 ಪರ್ಸೆಂಟ್ ರಿಯಾಯಿತಿ ಕಳೆದು ಉಳಿದದ್ದು ಕೊಡ್ಬೇಕು. ರೈಲಲ್ಲಿ ಹೋಗೋಣ ಅಂದ್ರೆ ಗಂಡಸರಿಗೆ 40 ಪರ್ಸೆಂಟ್ ಇದ್ದ ರಿಯಾಯಿತೀನ 2020ರ ಮಾರ್ಚ್‌ನಲ್ಲೇ ನಿಲ್ಲಿಸಿದಾರೆ, ಅಂದ್ರೆ ನಂಗೆ ಅರವತ್ತು ತುಂಬೋಕೆ ಸರಿಯಾಗಿ ಒಂದು ವರ್ಷ ಮುಂಚೆ. ಇದನ್ನ ಹೇಳ್ಕೊಂಡ್ರೆ ಇವಳು "ನೀವ್ಯಾಕೆ ಬರ್ಬೇಕು, ಮನೆ ನೋಡ್ಕೊಳ್ಳಿ" ಅಂತಾಳೆ.

ಹೋದ ನವೆಂಬರ್ ಕೊನೇ ವಾರ ಹೀಗೇ ಹೊರಟೋಳು ಬಾಗಿಲಲ್ಲಿ ನಿಂತು, "ರೀ, ಅಂತರಸನಹಳ್ಳಿ ಮಾರ್ಕೆಟ್‌ಗೆ ಹೊಸ ಅವರೆಕಾಯಿ ಬಂದಿದೆಯಂತೆ, ಐದು ಕೆಜಿ ತಂದು ಹಿದುಕಿ ಇಟ್ಟಿರಿ, ಹೇಗೂ ಮನೇಲೇ ಇರ್ತೀರಲ್ಲ" ಅಂದ್ಲು. ಐದು ಕೆಜಿ! ತಂದೆ. ಮಧ್ಯಾಹ್ನ ಪೂರ್ತಿ ಸುಲಿದೆ, ಸೊಗಡು ಅಂದ್ರೆ ಸೊಗಡು, ಉಗುರು ಸಂದಿಯೆಲ್ಲಾ ಕಪ್ಪಾಯ್ತು. ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ಐದಕ್ಕೇ ಎದ್ದು ಪಾತ್ರೆ ಮುಂದೆ ಕೂತೆ. ಗೊತ್ತಿಲ್ದೋರಿಗೆ ಹೇಳ್ತೀನಿ, ಹಿದುಕೋದು ಅಂದ್ರೆ ನೆಂದ ಕಾಳನ್ನ ಹೆಬ್ಬೆರಳು ತೋರುಬೆರಳಿನ ಮಧ್ಯೆ ಇಟ್ಟು ಒಂದು ಅದುಮು ಅದುಮಿದ್ರೆ ಬೇಳೆ ಪುಳಕ್ಕಂತ ಈಚೆ ಹಾರುತ್ತೆ, ಸಿಪ್ಪೆ ಬೆರಳಲ್ಲೇ ಅಂಟ್ಕೊಳ್ಳುತ್ತೆ. ಮೊದಲ ನೂರು ಕಾಳು ಮಜವಾಗಿರುತ್ತೆ. ಆಮೇಲೆ ಒಂದು ಬೇಳೆ ಸೋಫಾ ಕೆಳಗೆ, ಒಂದು ನನ್ನ ಕನ್ನಡಕಕ್ಕೆ, ಒಂದಂತೂ ದೇವರ ಫೋಟೋವರೆಗೂ ಹೋಗಿತ್ತು. ಒಂಬತ್ತೂವರೆಗೆ ಮುಗಿಸಿ ನೋಡ್ಕೊಂಡ್ರೆ ಹತ್ತೂ ಬೆರಳು ಸುಕ್ಕು ಸುಕ್ಕು, ಬಿಳುಚಿಕೊಂಡು ಬಾಣಂತಿ ಕೈ ಥರ ಆಗಿವೆ.

ಅದೇ ಕೈಯಲ್ಲಿ ಬ್ಯಾಂಕಿಗೆ ಹೋದೆ. ಪಿಂಚಣಿದಾರರು ನವೆಂಬರ್ ತಿಂಗಳಲ್ಲಿ ನಾವು ಬದುಕಿದೀವಿ ಅಂತ ಸರ್ಟಿಫಿಕೇಟ್ ಕೊಡ್ಬೇಕಲ್ಲ, ಇಲ್ಲಾಂದ್ರೆ ಪೆನ್ಷನ್ ನಿಂತುಹೋಗುತ್ತೆ. ಈಗ ಜೀವನ್ ಪ್ರಮಾಣ್ ಅಂತ, 2014ರ ನವೆಂಬರ್‌ನಲ್ಲಿ ಬಂದಿದ್ದು, ಬೆರಳಿಟ್ರೆ ಆಯ್ತು. ಅದೇ ತಿಂಗಳಲ್ಲೇ ಟುಮ್ಕೂರು ಅಂತಿದ್ದ ಇಂಗ್ಲಿಷ್ ಹೆಸರು ತುಮಕೂರು ಅಂತ ಬದಲಾಗಿದ್ದು, ಊರಿಗೆ ಒಂದೇ ಸಲಕ್ಕೆ ಸಾಕಾಯ್ತು, ನಮಗೆ ಮಾತ್ರ ವರ್ಷಾ ವರ್ಷಾ.

ಕೌಂಟರಲ್ಲಿ ಒಬ್ಳು ಹುಡುಗಿ. ಪಿಪಿಓ ಅನ್ನೋ ಪೆನ್ಷನ್ ಆರ್ಡರ್ ನಂಬರ್, ಆಧಾರ್ ಎಲ್ಲಾ ಹೊಡೆದು "ಬೆರಳಿಡಿ ಸಾರ್" ಅಂದ್ಲು. ಇಟ್ಟೆ. ಕೆಂಪು ಲೈಟು. ಎಡಗೈ. ಕೆಂಪು. ಹೀಗೇ ಹತ್ತೂ ಬೆರಳು ಇಂಟರ್‌ವ್ಯೂ ಕೊಟ್ವು, ಒಂದೂ ಪಾಸಾಗ್ಲಿಲ್ಲ. "ತಲೆಗೊಂಚೂರು ಉಜ್ಜಿ ಇಡಿ ಸಾರ್, ಎಣ್ಣೆ ಅಂಶ ಇದ್ರೆ ತಗೊಳ್ಳುತ್ತೆ" ಅಂದೋಳು ನನ್ನ ತಲೆ ಕಡೆ ನೋಡಿ "ಹಣೆಗಾದ್ರೂ ಉಜ್ಜಿ" ಅಂದ್ಲು. ಉಜ್ಜಿದೆ. ಊಹೂಂ.

"ನಾನು ಬದುಕಿರೋದು ನಿಂಗೆ ಕಾಣ್ತಿದೆಯಲ್ಲಮ್ಮಾ?"

"ನಂಗೆ ಕಾಣುತ್ತೆ ಸಾರ್, ಸಿಸ್ಟಮ್‌ಗೆ ಕಾಣಲ್ಲ."

ಆಮೇಲೆ ನನ್ನ ಬೆರಳ ಹತ್ರ ಬಗ್ಗಿ ಮೂಸಿದೋಳ ಹಾಗೆ ಮಾಡಿ, ದನಿ ತಗ್ಗಿಸಿ ಕೇಳಿದ್ಲು, "ಅವರೆಕಾಯಾ ಸಾರ್? ನಿನ್ನೆಯಿಂದ ನೀವು ನಾಲ್ಕನೇವ್ರು."

ಹಿಂದೆ ನಿಂತಿದ್ದ ಹಿರಿಯರೊಬ್ರು ಮೆಲ್ಲಗೆ ತಮ್ಮ ಎರಡೂ ಕೈ ಜೇಬಿಗೆ ಇಳಿಸಿದ್ರು. ದಿಲ್ಲೀಲಿ ಕೂತು ನವೆಂಬರ್ ಅಂತ ಫಿಕ್ಸ್ ಮಾಡಿದೋರಿಗೆ ನಮ್ಮ ಸೀಮೆಯ ಸೊಗಡವರೆ ಸೀಸನ್ ಬಗ್ಗೆ ಯಾರಾದ್ರೂ ಹೇಳ್ಬೇಕಿತ್ತು, ಸೆಪ್ಟೆಂಬರಲ್ಲಿ ಕೇಳಿದ್ರೆ ನಾವೆಲ್ಲಾ ಸಲೀಸಾಗಿ ಬದುಕಿರ್ತಿದ್ವಿ. ಪೋಸ್ಟ್‌ಮ್ಯಾನ್ ಮನೆಗೇ ಬಂದು ಎಪ್ಪತ್ತು ರೂಪಾಯಿಗೆ ಮಾಡಿಕೊಡ್ತಾರೆ ಅಂದ್ರು ಯಾರೋ, ಬಂದ್ರೂ ಕೇಳೋದು ಇದೇ ಬೆರಳು ತಾನೇ. ಕೊನೆಗೆ ಆ ಹುಡುಗೀನೇ "ಫೋನಲ್ಲಿ ಮುಖ ತೋರಿಸಿದ್ರೂ ಆಗುತ್ತೆ ಸಾರ್" ಅಂತ ಆಪ್ ಹಾಕಿಕೊಟ್ಟು ಕಳಿಸಿದ್ಲು.

ಮನೇಲಿ ಬೆಳಕು ಸಾಲ್ದು ಅಂತ ತಾರಸಿಗೆ ಹೋದೆ. ಫೋನ್ ಎತ್ತಿ ಹಿಡಿದ್ರೆ ಕಣ್ಣು ಮಿಟುಕಿಸಿ ಅಂತ ಬರುತ್ತೆ. ಮಿಟುಕಿಸಿದೆ. ಇನ್ನೊಂದ್ಸಲ ಅಂತು. ಕನ್ನಡಕ ತೆಗೆದು, ಕತ್ತು ಚಾಚಿ, ಚೆನ್ನಾಗಿ ಒತ್ತಿ ಒತ್ತಿ ಮಿಟುಕಿಸಿದೆ. ಕನ್ನಡಕ ಇಲ್ದಿದ್ದಕ್ಕೆ ಎದುರು ತಾರಸೀಲಿ ಏನೋ ಬೆಳ್ಳಗೆ ಅಲ್ಲಾಡೋದು ಬೆಡ್‌ಶೀಟು ಅಂದ್ಕೊಂಡಿದ್ದೆ, ಅದರ ಹಿಂದೆ ಬಟ್ಟೆ ಒಣಹಾಕ್ತಿದ್ದ ಆ ಪಾರ್ಸೆಲ್ ಹುಡುಗನ ತಾಯಿ ಇದ್ರು ಅನ್ನೋದು ಬಕೆಟ್ ಬಿದ್ದ ಸದ್ದಿಗೆ ಗೊತ್ತಾಯ್ತು. ಅಷ್ಟರಲ್ಲಿ ಫೋನು ಟಣ್ ಅಂತು, ನಾನು ಬದುಕಿದೀನಿ ಅಂತ ಮೆಸೇಜೂ ಬಂತು.

ಅರ್ಧ ಗಂಟೇಲಿ ಯಶವಂತಪುರದಿಂದ ಫೋನು. "ಏನ್ರೀ ಅದು, ತಾರಸಿ ಮೇಲೆ ನಿಂತು ಕಣ್ಣು ಹೊಡೀತಿದ್ರಂತೆ?" ಅಂದ್ಲು. ಎಲ್ಲಾ ಬಿಡಿಸಿ ಹೇಳಿದೆ, ಅವರೆಕಾಯಿ ಸಮೇತ. ಬೈತಾಳೆ ಅಂದ್ಕೊಂಡ್ರೆ "ಓ, ಹಾಗಾದ್ರೆ ಆಪ್ ಕಲ್ತ್ರಾ? ನಮ್ಮಮ್ಮಂದೂ ಇನ್ನೂ ಆಗಿಲ್ಲ, ಗುಬ್ಬಿಗೆ ಹೋಗಿ ಮಾಡ್ಕೊಟ್ಟು ಬನ್ನಿ, ಹೇಗೂ..." ಅಂದ್ಲು.

ಹೋದೆ. ಎಂಬತ್ತನಾಲ್ಕು ವರ್ಷದ ಅತ್ತೆ, ಮಾವನೋರ ಫ್ಯಾಮಿಲಿ ಪೆನ್ಷನ್ನು, ಎರಡೂ ಕಣ್ಣಿಗೆ ಆಪರೇಷನ್ ಆಗಿದೆ. ಗೋಡೆಗೆ ಒರಗಿಸಿ ಕೂರ್ಸಿ, "ಅತ್ತೆ, ಈ ಫೋನ್ ನೋಡಿ, ಹಾಂ, ಈಗ ಕಣ್ಣು ಮುಚ್ಚಿ ತೆಗೀರಿ" ಅಂದೆ. ಮುಚ್ಚಿದ್ರು. ತೆಗೀಲಿಲ್ಲ. ಎರಡೂ ಕೈ ಜೋಡಿಸಿ, ತುಟಿ ಅಲ್ಲಾಡಿಸ್ತಾ, ಯಾವುದೋ ಶ್ಲೋಕ ಶುರು ಮಾಡಿದ್ರು. ಫೋನ್ ಟೈಮ್ ಔಟ್ ಆಯ್ತು, ಮತ್ತೆ ಹಾಕಿದೆ, ಮತ್ತೆ ಔಟಾಯ್ತು, ಶ್ಲೋಕ ಮಾತ್ರ ಮುಂದುವರೀತಾನೇ ಇತ್ತು. ಸುಮಾರು ಹೊತ್ತಾದ್ಮೇಲೆ ಒಂದು ಕಣ್ಣು ಮಾತ್ರ ಸ್ವಲ್ಪ ತೆಗೆದು,

"ಮಂಗಳಾರತಿ ಆಯ್ತಾ ಅಳಿಯಂದ್ರೆ?" ಅಂದ್ರು.