ಸ್ಪಷ್ಟನೆ: ಅಪರೆಸಿಡಾ ಬಸಿಲಿಕಾ ಒಬ್ಬ ಮೀನುಗಾರ ಕಟ್ಟಿದ್ದಲ್ಲ

ಶಿವಾಜಿನಗರದ ಮರಿಯಮ್ಮನವರ ಹಬ್ಬ ಹತ್ತಿರವಾದಂತೆ ಬೆಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಬ್ರೆಜಿಲ್‌ನ ಅಪರೆಸಿಡಾ ಬಸಿಲಿಕಾದ, ಅಂದರೆ ಯೇಸುವಿನ ತಾಯಿ ಮರಿಯಮ್ಮನವರ ದೊಡ್ಡ ಚರ್ಚಿನ, ಚಿತ್ರವೊಂದು ಓಡಾಡುತ್ತಿದೆ. ‘ಬಲೆಗೆ ಮೂರ್ತಿ ಸಿಕ್ಕ ಬಡ ಮೀನುಗಾರ ಒಬ್ಬನೇ ಕಟ್ಟಿದ ಗುಡಿ’ ಎಂದು ಒಕ್ಕಣೆ. ಚಿತ್ರ ಸರಿ, ಒಕ್ಕಣೆ ತಪ್ಪು.

1717ರಲ್ಲಿ ಪರೈಬಾ ನದಿಗೆ ಬಲೆ ಬೀಸಿದವರು ಮೂವರು: ಡೊಮಿಂಗೊಸ್ ಗಾರ್ಸಿಯಾ, ಜೊವಾವ್ ಆಲ್ವೆಸ್, ಫಿಲಿಪೆ ಪೆಡ್ರೊಸೊ. ಆ ದಾರಿಯಲ್ಲಿ ಬರಲಿದ್ದ ಗವರ್ನರ್‌ನ ಔತಣಕ್ಕೆ ಮೀನು ಬೇಕಿತ್ತು. ಅಲ್ಲಿನವರು ಹೇಳಿಕೊಂಡು ಬಂದಂತೆ, ಮೊದಲು ಸಿಕ್ಕಿದ್ದು ಮರಿಯಮ್ಮನವರ ತಲೆಯಿಲ್ಲದ ಮಣ್ಣಿನ ಮೂರ್ತಿ. ಇನ್ನೊಮ್ಮೆ ಬೀಸಿದಾಗ ತಲೆ. ಆಮೇಲೆ ದೋಣಿ ತುಂಬ ಮೀನು. ಪೆಡ್ರೊಸೊ ಮೂರ್ತಿಯನ್ನು ವರ್ಷಗಟ್ಟಲೆ ಮನೆಯಲ್ಲೇ ಇಟ್ಟುಕೊಂಡಿದ್ದ. ಅಕ್ಕಪಕ್ಕದವರು ಅಲ್ಲೇ ಜಪಸರ ಹೇಳುತ್ತಿದ್ದರು. ಪುಟ್ಟ ಗುಡಿ ಕಟ್ಟಿದ್ದು ಅವನ ಮಗ ಅಟನಾಸಿಯೊ. ಒಕ್ಕಣೆ ಬರೆದವರು ಪಾಪ, ಆ ಮಗನನ್ನೇ ಮರೆತಿದ್ದಾರೆ.

ಜನ ಹೆಚ್ಚಿ ಅದು ಸಾಲದಾದಾಗ ಅಲ್ಲಿನ ಪಾದ್ರಿ ಗುಡ್ಡದ ಮೇಲೆ ಕಟ್ಟಿಸಿದ ದೇವಾಲಯ 1745ರಲ್ಲಿ ತೆರೆಯಿತು. ಚಿತ್ರದಲ್ಲಿರುವ ಭಾರೀ ಬಸಿಲಿಕಾದ ಕೆಲಸ ಶುರುವಾಗಿದ್ದು 1955ರಲ್ಲಿ. 1980ರ ಜುಲೈ 4ರಂದು ಪೋಪ್ ಎರಡನೇ ಜಾನ್ ಪಾಲ್ ಅದನ್ನು ಪವಿತ್ರೀಕರಿಸಿದರು. ಹಂಚುವವರು ಒಕ್ಕಣೆ ತಿದ್ದಿ ಹಂಚಿ. ಅಂದಹಾಗೆ, ಅಲ್ಲಿನ ಹಬ್ಬ ನಮ್ಮಂತೆ ಸೆಪ್ಟೆಂಬರ್ 8ಕ್ಕಲ್ಲ, ಅಕ್ಟೋಬರ್ 12ಕ್ಕೆ.