ರಿಟರ್ನ್ ಕಂಡರೆ ಯಾಕಿಷ್ಟು ಸಿಟ್ಟು?

ಇವತ್ತು ಮತ್ತೆ ನನ್ನ ಕೋಡ್ ರಿವ್ಯೂನಿಂದ ವಾಪಸ್ ಬಂತು. ಫಂಕ್ಷನ್‌ನಲ್ಲಿ ಮೂರು ರಿಟರ್ನ್, ಅಂದರೆ ಅದರಿಂದ ಹೊರಬರುವ ಮೂರು ಜಾಗ ಇವೆಯಂತೆ, ಒಂದೇ ಇರಬೇಕಂತೆ. ಸಾಕಾಗಿ ಹೋಗಿದೆ.

ಆರ್ಡರ್ ನಲ್ ಆಗಿದ್ದರೆ, ಅಂದರೆ ಆರ್ಡರೇ ಇಲ್ಲದಿದ್ದರೆ, ಮೊದಲ ಸಾಲಲ್ಲೇ ಹೊರಗೆ ಬಂದರೆ ಯಾರಿಗೇನು ನಷ್ಟ? ಅದು ಬಿಟ್ಟು, ಮೇಲೆ ಉತ್ತರ ಹಿಡಿದಿಡೋಕೆ ಒಂದು ‘ರಿಸಲ್ಟ್’ ವೇರಿಯಬಲ್, ಕೆಳಗೆ ಇಫ್ ಅನ್ನೋ ಷರತ್ತು, ಅದರೊಳಗೆ ಇಫ್, ಅದರೊಳಗೆ ಇನ್ನೊಂದು ಇಫ್. ನಿಜವಾದ ಕೆಲಸ ಮಾಡುವ ಸಾಲು ಪರದೆಯ ಬಲ ಅಂಚಿಗೆ ಹೋಗಿ ಕೂತಿರುತ್ತದೆ. ಎಷ್ಟೋ ಕೆಳಗೆ ಒಂಟಿ ಎಲ್ಸ್. ಅದು ಯಾವ ಇಫ್‌ನದ್ದು? ಬ್ರಾಕೆಟ್ ಎಣಿಸುತ್ತಾ ಕೂರಬೇಕು!

ಕೇಳಿದರೆ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಹೆಸರು ಎತ್ತುತ್ತಾರೆ. 1968ರ ಪತ್ರದಲ್ಲಿ ಅವರು ಬೈದದ್ದು ಕೋಡ್‌ನಲ್ಲಿ ಎಲ್ಲಿಂದೆಲ್ಲಿಗೋ ನೆಗೆಯುವ ಗೋಟೂಗೆ, ರಿಟರ್ನ್‌ಗಲ್ಲ. ನಡುವೆಯೇ ಹೊರಗೆ ಬಂದರೆ ಬಳಸಿದ ಮೆಮೊರಿ ಫ್ರೀ ಮಾಡೋದು ಮರೆತುಹೋಗುತ್ತದೆ ಅಂತಾರೆ. ಸ್ವಾಮಿ, ಇದು ಸಿ ಅಲ್ಲ, ಮೆಮೊರಿಯನ್ನು ತಾನೇ ಫ್ರೀ ಮಾಡೋ ಜಾವಾ! ಫೈಲನ್ನು ತಾನಾಗಿಯೇ ಮುಚ್ಚೋಕೆ ಅದರಲ್ಲಿ ಟ್ರೈ-ವಿತ್-ರಿಸೋರ್ಸಸ್ 2011ರಿಂದಲೇ ಇದೆ. ಕಾರಿನ ಸಾಫ್ಟ್‌ವೇರ್‌ಗೆ ನಿಯಮ ಬರೆದ ಮಿಸ್ರಾ ಸಿ ಕೂಡ 2012ರ ಆವೃತ್ತಿಯಲ್ಲಿ ಈ ಒಂದೇ ರಿಟರ್ನ್ ನಿಯಮವನ್ನು ಬರೀ ಸಲಹೆ ಅಂತ ಇಳಿಸಿದೆ. ನಮ್ಮವರಿಗೆ ಮಾತ್ರ ಇದು ಇನ್ನೂ ಕಟ್ಟಪ್ಪಣೆ.

ಅದೇ ಫಂಕ್ಷನ್‌ನಲ್ಲಿ ಏನಾದರೂ ತಪ್ಪಾದಾಗ ಏಳುವ ಎಕ್ಸೆಪ್ಷನ್ ಯಾವ ಸಾಲಿನಿಂದ ಬೇಕಾದರೂ ಹೊರಗೆ ಹಾರಬಹುದು. ಅದಕ್ಕೆ ಯಾರ ತಕರಾರೂ ಇಲ್ಲ, ಅಲ್ವಾ?